ಹಳೇ ಡೀಸೆಲ್ ಸ್ವಿಫ್ಟ್‌ಗೆ ಚಿಪ್ ಹಾಕಿಸಿದರೆ ಪವರ್ರೂ ಮೈಲೇಜೂ ಏರುತ್ತಾ?

ಶಿರಾ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಸ್ವಿಫ್ಟ್ ಮೇಲೆ ಆಸೆ. ‘ಚಿಪ್ ಹಾಕಿಸಿ, ಪವರ್ರೂ ಮೈಲೇಜೂ ಏರುತ್ತೆ, ಎಂಜಿನ್‌ಗೆ ಏನೂ ಆಗಲ್ಲ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ನಾವು ಇದನ್ನು ಅರ್ಧಸತ್ಯ ಎನ್ನುತ್ತೇವೆ.

ಆ 1.3 ಲೀಟರ್ ಎಂಜಿನ್ನಿನ ಶಕ್ತಿ ಸುಮಾರು 75 ಎಚ್‌ಪಿ. ಇಸಿಯು ಟ್ಯೂನ್ ಮಾಡಿದರೆ ಹೆಚ್ಚು ಡೀಸೆಲ್, ಟರ್ಬೊದಿಂದ ಹೆಚ್ಚು ಗಾಳಿ ಒಳಹೋಗಿ ಪವರ್ ನಿಜಕ್ಕೂ ಏರುತ್ತದೆ. ಆದರೆ ಭಾರ ಬೀಳುವುದು ಕ್ಲಚ್, ಟರ್ಬೊ ಮೇಲೆ. ಲಕ್ಷ ಕಿಲೋಮೀಟರ್ ಓಡಿ ಸವೆದ ಗಾಡಿ ಅದನ್ನು ತಡೆದೀತೇ? ಜೋರಾಗಿ ಓಡಿಸಿದರೆ ಮೈಲೇಜೂ ಇಳಿಯುತ್ತದೆ.

ಕೊಳ್ಳುವ ಮುನ್ನ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಟರ್ಬೊ ಸೀಲ್ ಹೋಗಿರಲೂಬಹುದು. ಚಿಪ್ಪಿಗೆಂದು ಎತ್ತಿಟ್ಟ ದುಡ್ಡನ್ನು ಆಯಿಲ್, ಫಿಲ್ಟರ್, ಕ್ಲಚ್‌ಗೆ ಹಾಕಿ. ಟ್ಯೂನ್ ಮಾಡಿಸಿದ್ದನ್ನು ಮುಚ್ಚಿಟ್ಟರೆ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರಬಹುದು.