‘ಸಸ್ಯದ ನಾರಿನಿಂದ ಮಾಡಿದ್ದು’ ಎಂದ ಮಾತ್ರಕ್ಕೆ ಅದು ಮಣ್ಣಲ್ಲಿ ಕೊಳೆಯುತ್ತದೆಯೇ?

ಕವರ್ ಮೇಲೆ ಎಲೆಯ ಚಿತ್ರ, ಹಸಿರು ಅಕ್ಷರ, ಜೊತೆಗೆ ‘ತೆಂಗಿನ ನಾರು ಬಳಸಿದ್ದು’ ಅಥವಾ ‘ಭತ್ತದ ಹೊಟ್ಟಿನಿಂದ ಮಾಡಿದ್ದು’ ಎಂಬ ಸಾಲು. ಇಷ್ಟು ಕಂಡರೆ ಸಾಕು, ಹಿತ್ತಲಿಗೆ ಎಸೆದರೆ ಗೊಬ್ಬರವಾಗುತ್ತದೆ ಎಂದು ನಂಬಿಬಿಡುತ್ತೇವೆ. ಈ ನಂಬಿಕೆ ಎಷ್ಟು ಸರಿ? ಆ ಹಾಳೆಯೊಳಗೆ ಏನಿದೆ ಎಂದು ನೋಡೋಣ.

ಒಂದು ಹಾಳೆ, ಎರಡು ವಸ್ತು

ಇಂಥ ಹಾಳೆಗಳಿಗೆ ಕಾಂಪೊಸಿಟ್ ಫಿಲ್ಮ್ ಎನ್ನುತ್ತಾರೆ. ಇದರಲ್ಲಿ ಎರಡು ಭಾಗಗಳಿವೆ: ಹಾಳೆಯ ಮೈಯಾಗುವ ಪಾಲಿಮರ್ ಮತ್ತು ಅದರೊಳಗೆ ಬೆರೆಸುವ ನಾರು ಅಥವಾ ಪುಡಿ. ಮಣ್ಣಿನ ಗೋಡೆ ಕಟ್ಟುವಾಗ ಕೆಸರಿಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದರಲ್ಲ, ಇಲ್ಲೂ ಅದೇ ತತ್ವ. ಹುಲ್ಲು ಗೋಡೆ ಬಿರುಕು ಬಿಡದಂತೆ ಹಿಡಿದಿಡುತ್ತದೆ. ನಾರು ಹಾಳೆಗೆ ಬಿಗಿ ಕೊಡುತ್ತದೆ.

ಮೈಯಾಗಿ ಹೆಚ್ಚಾಗಿ ಬಳಸುವುದು ಮೆಕ್ಕೆಜೋಳ ಅಥವಾ ಮರಗೆಣಸಿನ ಪಿಷ್ಟ, ಇಲ್ಲವೇ ಸಸ್ಯದ ಸಕ್ಕರೆಯಿಂದ ತಯಾರಾಗುವ ಪಿಎಲ್‌ಎ. ಬರೀ ಪಿಷ್ಟದ ಹಾಳೆ ನೀರು ತಾಗಿದರೆ ಮೆತ್ತಗಾಗುತ್ತದೆ, ಒಣಗಿದರೆ ಸೀಳುತ್ತದೆ. ಪಿಎಲ್‌ಎ ಗಟ್ಟಿ, ಆದರೆ ದುಬಾರಿ ಮತ್ತು ಬೇಗ ಮುರಿಯುವಂಥದ್ದು. ಹಾಗಾಗಿ ಅಗ್ಗದ ನಾರಿನ ಮೇಲೆ ಸಂಶೋಧಕರ ಕಣ್ಣು.

ನಾರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸುವುದೇಕೆ?

ನಾರನ್ನು ಹಾಗೆಯೇ ಬೆರೆಸಿದರೆ ಕೆಲಸವಾಗದು. ಅದರ ಮೇಲೆ ಮೇಣ, ಲಿಗ್ನಿನ್, ಹೆಮಿಸೆಲ್ಯುಲೋಸ್‌ಗಳ ಪದರ ಇರುತ್ತದೆ. ಜೊತೆಗೆ ನಾರು ನೀರನ್ನು ಹೀರುತ್ತದೆ, ಪಿಎಲ್‌ಎಯಂಥ ಪಾಲಿಮರ್ ನೀರನ್ನು ದೂರವಿಡುತ್ತದೆ. ಎರಡೂ ಸರಿಯಾಗಿ ಅಂಟುವುದಿಲ್ಲ. ಎಳೆದಾಗ ನಾರು ಜಾರಿ ಹೊರಬರುತ್ತದೆ.

ನಾರನ್ನು ತೆಳು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿದರೆ ಆ ಪದರದ ಬಹುಭಾಗ ಕಳಚಿ, ಮೇಲ್ಮೈ ಒರಟಾಗುತ್ತದೆ. ನಯವಾದ ಹಳೆ ಗೋಡೆಗೆ ಸಿಮೆಂಟ್ ಮೆತ್ತುವ ಮೊದಲು ಮೇಸ್ತ್ರಿಗಳು ಅಲ್ಲಲ್ಲಿ ಕೆತ್ತುವುದು ಇದೇ ಕಾರಣಕ್ಕೆ. ಈ ವಿದ್ಯೆ ಹೊಸದಲ್ಲ: ಹತ್ತಿ ಬಟ್ಟೆಗೆ ಇಂಥ ಸಂಸ್ಕರಣೆ ಮಾಡಲು ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಹದ ಮೀರಬಾರದು. ದ್ರಾವಣ ಗಾಢವಾದರೆ ಅಥವಾ ಹೆಚ್ಚು ಹೊತ್ತು ನೆನೆದರೆ ನಾರೇ ದುರ್ಬಲವಾಗುತ್ತದೆ. ನಾರಿನ ಪ್ರಮಾಣ ಅತಿಯಾದರೆ ಅದು ಗಂಟುಗಟ್ಟಿ, ಹಾಳೆ ಅಲ್ಲೇ ಹರಿಯುತ್ತದೆ.

ಕೊಳೆಯಬೇಕಾದದ್ದು ಮೈ

ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ. ತೆಂಗಿನ ನಾರನ್ನು ಪಾಲಿಪ್ರೊಪಿಲೀನ್‌ಗೆ ಬೆರೆಸಿದರೂ ‘ನಾರು ಬಳಸಿದ್ದು’ ಎನ್ನಬಹುದು. ಸೂಕ್ಷ್ಮಜೀವಿಗಳು ನಾರನ್ನು ತಿನ್ನಬಹುದು, ಆದರೆ ಪ್ಲಾಸ್ಟಿಕ್ ಹಾಗೆಯೇ ಉಳಿದು ಚೂರಾಗುತ್ತದೆ. ಬಿದಿರಿನ ಪುಡಿ ಬೆರೆಸಿದ ಮೆಲಮೈನ್ ಪ್ಲಾಸ್ಟಿಕ್ ಲೋಟ, ತಟ್ಟೆಗಳು ‘ನೈಸರ್ಗಿಕ’ ಎಂಬ ಹೆಸರಲ್ಲಿ ಮಾರಾಟವಾಗುತ್ತಿದ್ದಾಗ, ಐರೋಪ್ಯ ಒಕ್ಕೂಟ 2021ರಲ್ಲಿ ಅವುಗಳ ವಿರುದ್ಧ ಕ್ರಮಕ್ಕಿಳಿಯಿತು.

ಪಿಎಲ್‌ಎ ಕೊಳೆಯುತ್ತದೆ, ಆದರೆ ಅದಕ್ಕೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿ ಮತ್ತು ತೇವ ವಾರಗಟ್ಟಲೆ ಬೇಕು. ಇದು ಸಿಗುವುದು ಕೈಗಾರಿಕಾ ಕಾಂಪೋಸ್ಟ್ ಘಟಕದಲ್ಲಿ. ಹಿತ್ತಲ ಗುಂಡಿಯಲ್ಲಿ ಇಷ್ಟು ಬಿಸಿ ಅಷ್ಟು ದಿನ ನಿಲ್ಲುವುದು ಅಪರೂಪ, ಚರಂಡಿಯಲ್ಲಂತೂ ಸಾಧ್ಯವೇ ಇಲ್ಲ. ಪಿಷ್ಟದ ಹಾಳೆಯಾದರೆ ಸಾಮಾನ್ಯ ಮಣ್ಣಿನಲ್ಲೂ ಬೇಗ ಕೊಳೆಯುತ್ತದೆ.

ಹಾಗಾದರೆ ಏನು ನೋಡಬೇಕು?

ಭಾರತದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧವಿದೆ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗೆ ವಿನಾಯಿತಿ ಇರುವುದರಿಂದಲೇ ಹಸಿರು ಮಾತಿಗೆ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ. ಆದ್ದರಿಂದ ಎಲೆಯ ಚಿತ್ರಕ್ಕಿಂತ ಮೂರು ವಿಷಯ ಮುಖ್ಯ:

1. ಹಾಳೆಯ ಮೈ ಯಾವುದು? ಪಿಷ್ಟವೇ, ಪಿಎಲ್‌ಎಯೇ, ಮಾಮೂಲಿ ಪ್ಲಾಸ್ಟಿಕ್ಕೇ?
2. ‘ಕಾಂಪೋಸ್ಟಬಲ್’ ಎಂದಿದ್ದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ, ಐಎಸ್ 17088 ಮಾನದಂಡದ ಉಲ್ಲೇಖ ಇದೆಯೇ?
3. ನಿಮ್ಮ ಊರಿನ ಹಸಿ ಕಸ ಕಾಂಪೋಸ್ಟ್ ಘಟಕಕ್ಕೆ ಹೋಗುತ್ತದೆಯೇ? ಆ ಘಟಕ ಇಂಥ ಕವರ್ ತೆಗೆದುಕೊಳ್ಳುತ್ತದೆಯೇ?

ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ, ಪ್ರಮಾಣಪತ್ರವಿರುವ ಪಿಎಲ್‌ಎ ಕವರ್ ಕೂಡ ಕಸದ ರಾಶಿಯಲ್ಲಿ ಬಹುಕಾಲ ಹಾಗೆಯೇ ಬಿದ್ದಿರುತ್ತದೆ.