ಸಾಕ್ಷಿ ಹೇಳುವವನ ಗುಟ್ಟಿನ ಪ್ರಮಾಣ

ಬೀದರ್ ಜಿಲ್ಲೆಯ ಠಾಣಾ ಕುಶನೂರ, ಔರಾದ್, ಭಾಲ್ಕಿ ಕಡೆಯ ಹುಡುಗರು ಓದಿ ಮೇಲೆ ಬಂದರೆ ಅನೇಕರು ಹಿಡಿಯುವ ದಾರಿ ಇಂದಿಗೂ ಹೈದರಾಬಾದಿನದು. 1956ರ ನವೆಂಬರ್ 1ರವರೆಗೆ ಅದೇ ಈ ಸೀಮೆಯ ರಾಜಧಾನಿಯಾಗಿತ್ತು. ಭಾಷಾವಾರು ಗೆರೆ ಎಳೆದ ಮೇಲೂ ಆಸ್ಪತ್ರೆ, ಕಾಲೇಜು, ನೌಕರಿಗಳ ನಂಟು ಕಡಿಯಲಿಲ್ಲ. ಅಲ್ಲಿ ವೈದ್ಯನೋ ವಕೀಲನೋ ಗುತ್ತಿಗೆದಾರನೋ ಆಗಿ ನಾಲ್ಕು ಜನರ ಕಣ್ಣಿಗೆ ಬಿದ್ದವನಿಗೆ ಹಿರಿಯ ಸಹೋದ್ಯೋಗಿಯೊಬ್ಬ ಫ್ರೀಮೇಸನ್ನರೆಂಬ ಗುಟ್ಟಿನ ಸೋದರಕೂಟದ ಲಾಡ್ಜ್‌ಗೆ, ಅಂದರೆ ಅದರ ಸ್ಥಳೀಯ ಶಾಖೆಗೆ, ಬಾ ಎಂದು ಕರೆಯುವುದುಂಟು. ಕರೆಸಿಕೊಂಡವನು ಬೀದರ್ ಸೀಮೆಯ ಮೆಥೋಡಿಸ್ಟ್ ಮನೆಯ ಮಗನಾಗಿದ್ದರೆ ಏನು ಮಾಡಬೇಕು?

ಲಾಡ್ಜ್ ಈ ಸೀಮೆಗೆ ಅಪರಿಚಿತವೇನಲ್ಲ. ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಶಾಹ ಕಟ್ಟಿಸಿದ, ಹೈದರಾಬಾದಿನ ಗೋಷಾಮಹಲ್ ಬಾರಾದರಿಯನ್ನು 1872ರಲ್ಲಿ ನಿಜಾಮ ಸರ್ಕಾರ ಫ್ರೀಮೇಸನ್ನರಿಗೆ ಬಿಟ್ಟುಕೊಟ್ಟಿತು. ಆಗ ಗಾದಿಯ ಮೇಲಿದ್ದ ಮಹಬೂಬ್ ಅಲಿ ಖಾನ್ ಇನ್ನೂ ಬಾಲಕ; ಆಡಳಿತ ಸಾಲಾರ್ ಜಂಗರ ಕೈಯಲ್ಲಿತ್ತು. 1717ರಲ್ಲಿ ಲಂಡನ್ನಿನಲ್ಲಿ ಮಹಾ ಲಾಡ್ಜ್ ಕಟ್ಟಿಕೊಂಡ ಈ ಕೂಟ ಹದಿನೈದು ವರ್ಷದೊಳಗೇ ಕಲ್ಕತ್ತೆಗೆ ಬಂದಿತ್ತು. ಉತ್ತರ ಭಾರತದ ಜನ ಲಾಡ್ಜ್ ಕಟ್ಟಡವನ್ನು ಜಾದೂಘರ ಎಂದು ಕರೆದು ದೂರ ನಡೆಯುತ್ತಿದ್ದರು. 1961ರ ನವೆಂಬರ್ 24ರಂದು ಭಾರತದ ಮೇಸನ್ನರು ತಮ್ಮದೇ ಗ್ರ್ಯಾಂಡ್ ಲಾಡ್ಜ್ ಸ್ಥಾಪಿಸಿಕೊಂಡರು.

ಒಳಗೆ ನಡೆಯುವುದು ಈಗ ಅಷ್ಟೇನೂ ಗುಟ್ಟಲ್ಲ. ವಿಧಿಗಳ ಪಠ್ಯ ಅಚ್ಚಾಗಿ ಎಷ್ಟೋ ಕಾಲವಾಯಿತು. ಹೊಸಬನ ಕಣ್ಣು ಕಟ್ಟಿ, ಎಡ ಎದೆಯನ್ನು ತೆರೆದು, ಕೊರಳಿಗೆ ಹಗ್ಗ ಹಾಕಿ ಒಳಗೆ ಕರೆತರುತ್ತಾರೆ. ಮೂರು ಮೆಟ್ಟಿಲಿನ ದೀಕ್ಷೆ. ಮೂರನೆಯದರಲ್ಲಿ ಸೊಲೊಮೋನನ ದೇವಾಲಯ ಕಟ್ಟಿದ ಹೀರಾಮನ ಕೊಲೆಯ ಕಥೆಯನ್ನು ಹೊಸಬನ ಮೇಲೆಯೇ ಅಭಿನಯಿಸುತ್ತಾರೆ. ದೇವರೊಬ್ಬನಿದ್ದಾನೆಂದು ನಂಬಿದರೆ ಸಾಕು, ಯಾವ ದೇವರೆಂದು ಕೇಳುವುದಿಲ್ಲ. ಆತನನ್ನು ವಿಶ್ವದ ಮಹಾಶಿಲ್ಪಿ ಎನ್ನುತ್ತಾರೆ. ಭಾರತದ ಲಾಡ್ಜ್‌ಗಳಲ್ಲಿ ಬೈಬಲ್, ಕುರಾನ್, ಗೀತೆ ಮೊದಲಾದ ಗ್ರಂಥಗಳನ್ನು ಒಟ್ಟಿಗೆ ಇಡುತ್ತಾರೆ. ರಾಜಕೀಯವಾಗಲಿ ಮತವಾಗಲಿ ಅಲ್ಲಿ ಚರ್ಚೆಗೆ ಬರಕೂಡದು.

ಇದರಲ್ಲಿ ಒಳ್ಳೆಯದು ಇಲ್ಲವೆಂದು ಹೇಳಲಾರೆ. ಬ್ರಿಟಿಷರ ಕ್ಲಬ್ಬುಗಳು ಭಾರತೀಯರನ್ನು ಬಾಗಿಲಲ್ಲೇ ತಡೆಯುತ್ತಿದ್ದ ಕಾಲದಲ್ಲಿ ಕೆಲವು ಲಾಡ್ಜ್‌ಗಳಲ್ಲಿ ಇಂಗ್ಲಿಷ್ ಅಧಿಕಾರಿ, ಪಾರ್ಸಿ ವ್ಯಾಪಾರಿ, ಮುಸ್ಲಿಂ ನವಾಬ ಒಬ್ಬರನ್ನೊಬ್ಬರು ಸೋದರ ಎಂದು ಕರೆದರು. ಹಿಂದೂಗಳಿಗೆ ಪ್ರವೇಶ ಸುಲಭವಾಗಿ ಸಿಗಲಿಲ್ಲ. ಬಂಗಾಳದಲ್ಲಿ ಪ್ರಸನ್ನಕುಮಾರ ದತ್ತ ವರ್ಷಗಟ್ಟಲೆ ಹೋರಾಡಿ 1872ರಲ್ಲಿ ಒಳಗೆ ಬಂದರು. ಹನ್ನೆರಡು ವರ್ಷದ ನಂತರ, 1884ರಲ್ಲಿ, ಮುಂದೆ ವಿವೇಕಾನಂದರಾದ ನರೇಂದ್ರನಾಥರು ಕಲ್ಕತ್ತೆಯ ಲಾಡ್ಜ್ ಒಂದನ್ನು ಸೇರಿದರು.

ಆದರೆ ಕ್ರೈಸ್ತ ಸಭೆಗಳ ತಕರಾರು ಹಳೆಯದು. 1738ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟ್ ಲಾಡ್ಜ್ ಸೇರಿದವರನ್ನು ಬಹಿಷ್ಕರಿಸಿದರು. 1983ರ ಹೊಸ ಧರ್ಮಸಂಹಿತೆಯಲ್ಲಿ ಮೇಸನ್ನರ ಹೆಸರು ಕಾಣದಿದ್ದಾಗ ನಿಷೇಧ ಸಡಿಲವಾಯಿತೆಂದು ಹಲವರು ಭಾವಿಸಿದರು. ಅದೇ ವರ್ಷ ನವೆಂಬರ್ 26ರಂದು, ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್, ಲಾಡ್ಜ್ ಸೇರಿದವರು ಗಂಭೀರ ಪಾಪದಲ್ಲಿದ್ದಾರೆ, ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂದು ಸ್ಪಷ್ಟಪಡಿಸಿದರು. ಫಿಲಿಪ್ಪೀನ್ಸ್‌ನ ಬಿಷಪ್ ಒಬ್ಬರು ಕೇಳಿದ್ದಕ್ಕೆ 2023ರ ನವೆಂಬರ್‌ನಲ್ಲಿ ವ್ಯಾಟಿಕನ್ ಅದನ್ನೇ ಮತ್ತೆ ಹೇಳಿತು. 2005ರಲ್ಲಿ ಹುಟ್ಟಿದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದ ಬೀದರ್ ಕಥೋಲಿಕರಿಗೂ ಇದೇ ನಿಯಮ.

ಬೀದರ್‌ನಲ್ಲಿ ಆಳವಾಗಿ ಬೇರುಬಿಟ್ಟಿರುವುದು ಮೆಥೋಡಿಸ್ಟ್ ಸಭೆ. ಆ ಸಭೆಯವರಿಗೆ ಇಷ್ಟು ನೇರವಾದ ಉತ್ತರ ಸಿಗದು. ಮೂಲಪುರುಷ ಜಾನ್ ವೆಸ್ಲಿ 1773ರಲ್ಲಿ ಐರ್ಲೆಂಡಿನಲ್ಲಿದ್ದಾಗ ತಮ್ಮ ದಿನಚರಿಯಲ್ಲಿ ಮೇಸನ್ನರ ಗುಟ್ಟಿನ ಬಗ್ಗೆ ಅಚ್ಚರಿ, ಅನುಮಾನ ಎರಡನ್ನೂ ಬರೆದುಕೊಂಡರು. ಅವರ ತಮ್ಮನ ಮಗ, ಸಂಗೀತಗಾರ ಸ್ಯಾಮ್ಯುವೆಲ್ ವೆಸ್ಲಿ, ಲಾಡ್ಜ್ ಸೇರಿ ಅಲ್ಲಿನ ಆರ್ಗನ್ ವಾದಕನೇ ಆದ. ಒಂದೇ ಮನೆಯಲ್ಲಿ ಎರಡು ದಾರಿ. 1985ರಲ್ಲಿ ಬ್ರಿಟಿಷ್ ಮೆಥೋಡಿಸ್ಟ್ ಸಮ್ಮೇಳನ, ಮೇಸನ್ ಆದ ಕ್ರೈಸ್ತ ತನ್ನ ನಂಬಿಕೆಯಲ್ಲಿ ರಾಜಿ ಮಾಡಿಕೊಳ್ಳುವ ಅಪಾಯ ದೊಡ್ಡದು ಎಂದು ಎಚ್ಚರಿಸಿತು, ಆದರೆ ಯಾರನ್ನೂ ಹೊರಹಾಕಲಿಲ್ಲ. ಎರಡು ವರ್ಷದ ನಂತರ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ವರದಿಯೂ ಇದೇ ಅನುಮಾನ ಎತ್ತಿತು. ಹಿಂದೆ ಅದೇ ಸಭೆಯ ಆರ್ಚ್‌ಬಿಷಪ್ ಜೆಫ್ರಿ ಫಿಷರ್ ಸ್ವತಃ ಮೇಸನ್ ಆಗಿದ್ದರು.

ಇಲ್ಲೊಂದು ಎಚ್ಚರ ಬೇಕು. ಮೇಸನ್ನರು ಸೈತಾನನ ಪೂಜಕರು ಎಂಬ ಮಾತು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಅದನ್ನು ಎಲ್ಲರಿಗಿಂತ ಜೋರಾಗಿ ಹಬ್ಬಿಸಿದವನು ಫ್ರಾನ್ಸಿನ ಲಿಯೋ ಟಾಕ್ಸಿಲ್. 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ತುಂಬಿದ ಸಭಾಂಗಣದಲ್ಲಿ, ತಾನು ವರ್ಷಗಟ್ಟಲೆ ಬರೆದದ್ದೆಲ್ಲ ಕಟ್ಟುಕಥೆ ಎಂದು ಅವನೇ ಒಪ್ಪಿಕೊಂಡ. ಮುಂದೆ ಇಂಥ ಸುಳ್ಳುಗಳನ್ನೇ ಯಹೂದಿ ದ್ವೇಷಕ್ಕೆ ಬೆರೆಸಿ ನಾಜಿಗಳು ಮೇಸನ್ನರನ್ನು ಸೆರೆಗೆ ತಳ್ಳಿದರು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಪ್ರಸಂಗಪೀಠಕ್ಕೂ ಅನ್ವಯಿಸುತ್ತದೆ.

ಹಾಗಾದರೆ ನಿಜವಾದ ತೊಡಕು ಯಾವುದು? ಹಲವು ಮತದವರು ಒಟ್ಟಿಗೆ ಕೂರುವುದಂತೂ ಅಲ್ಲ. ಬೀದರ್ ಪಕ್ಕದ ಅಷ್ಟೂರಿಗೆ ಹೋಗಿ ನೋಡಿ. ಬಹಮನಿ ಸುಲ್ತಾನ ಅಹ್ಮದ್ ಶಾಹನ ಗುಮ್ಮಟದ ಉರುಸಿಗೆ ಮುಸ್ಲಿಮರು ವಲಿಯ ಭಕ್ತರಾಗಿ ಬರುತ್ತಾರೆ. ಲಿಂಗಾಯತರು ಅದೇ ಸುಲ್ತಾನನಲ್ಲಿ ಅಲ್ಲಮಪ್ರಭುವನ್ನು ಕಂಡು ಕಾಯಿ ಒಡೆಯುತ್ತಾರೆ, ಜಂಗಮರು ಮುಂದೆ ನಿಲ್ಲುತ್ತಾರೆ. ತನ್ನ ದೇವರ ಹೆಸರನ್ನು ಹೊರಗಿಟ್ಟು ಬಾ ಎಂದು ಅಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಲಾಡ್ಜ್‌ನ ಸಾಮಾನ್ಯ ವಿಧಿಗಳಲ್ಲಿ ಪ್ರಾರ್ಥನೆ ಇದೆ, ಯೇಸುವಿನ ಹೆಸರಿಲ್ಲ. ಆ ಹೆಸರಲ್ಲಿ ದೀಕ್ಷಾಸ್ನಾನ ಪಡೆದವನಿಗೆ ಇದು ಸಣ್ಣ ಬಿಡುವಿಕೆಯಲ್ಲ.

ಇನ್ನೊಂದು ತೊಡಕು ಪ್ರಮಾಣದ್ದು. ಇಂಗ್ಲೆಂಡಿನ ಲಾಡ್ಜ್‌ಗಳು 1986ರಲ್ಲಿ ಗಂಟಲು ಕೊಯ್ಯುವ ಹಳೆಯ ಶಿಕ್ಷೆಯ ಮಾತುಗಳನ್ನು ಪ್ರಮಾಣದಿಂದ ತೆಗೆದವು. ಆದರೂ ಮುಂದೇನು ತಿಳಿಯಲಿದೆ ಎಂದು ಗೊತ್ತಾಗುವ ಮುನ್ನವೇ ಅದನ್ನು ಮುಚ್ಚಿಡುವೆನೆಂದು ದೇವರ ಮುಂದೆ ಮಾತು ಕೊಡಬೇಕು. ಆಣೆಯೇ ಬೇಡ, ಹೌದು ಎಂದರೆ ಹೌದಾಗಲಿ ಎಂದು ಬೆಟ್ಟದ ಮೇಲೆ ಕಲಿಸಿದವನು, ತಾನು ಗುಟ್ಟಾಗಿ ಏನನ್ನೂ ಹೇಳಿಲ್ಲವೆಂದು ಮಹಾಯಾಜಕನಿಗೆ ಉತ್ತರ ಕೊಟ್ಟವನು ಯೇಸು. ಎದ್ದು ನಿಂತು ಸಾಕ್ಷಿ ಹೇಳುವುದು ಮೆಥೋಡಿಸ್ಟರ ಹಳೆಯ ರೂಢಿ. ಒಮ್ಮೆ ಕುಡಿಯುತ್ತಿದ್ದೆ, ಈಗ ಬಿಟ್ಟೆ ಎಂದು ಹೆಂಡತಿ ಮಕ್ಕಳ ಮುಂದೆಯೇ ಹೇಳಿದವನು, ಅದೇ ಹೆಂಡತಿಗೂ ಹೇಳಬಾರದ ಮಾತು ತನ್ನ ಬಳಿ ಇದೆ ಎನ್ನುವುದು ಹೇಗೆ? ನನ್ನ ಮಟ್ಟಿಗೆ ಇವೆರಡೂ ಒಂದೇ ನಾಲಿಗೆಯಲ್ಲಿ ಕೂಡುವುದಿಲ್ಲ.

ಇದಕ್ಕೊಂದು ಮರುಪ್ರಶ್ನೆ ಇದೆ, ಅದನ್ನು ತಪ್ಪಿಸಿಕೊಳ್ಳಬಾರದು. ನಮ್ಮ ಸಭೆಗಳಲ್ಲೂ ಗುಟ್ಟಿಲ್ಲವೇ? ಈ ಭಾಗದ ಕ್ರೈಸ್ತರಲ್ಲಿ ಬಹುಪಾಲು ದಲಿತ ಕೇರಿಗಳಿಂದ ಬಂದವರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದವನಿಗೆ ಪರಿಶಿಷ್ಟ ಜಾತಿಯ ಸೌಲಭ್ಯವಿಲ್ಲ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿಕೊಂಡರು. ಕ್ರೈಸ್ತರು ಹೊರಗೇ ಉಳಿದರು. ಕರ್ನಾಟಕ ದಲಿತ ಮೂಲದ ಕ್ರೈಸ್ತರನ್ನು ಹಿಂದುಳಿದವರ ಪ್ರವರ್ಗ ಒಂದರಲ್ಲಿ ಇಟ್ಟಿದೆ. ಹೀಗಾಗಿ ಭಾನುವಾರ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಎಂದು ಬದುಕುವ ಕುಟುಂಬಗಳು ದೇಶದ ಎಷ್ಟೋ ಕಡೆ ಇವೆ. ಅವರನ್ನು ಲಾಡ್ಜ್ ಸದಸ್ಯನ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಅವರ ಮೌನ ಕಾನೂನಿನ ಒತ್ತಡದಿಂದ ಬಂದದ್ದು, ಮಕ್ಕಳ ಓದಿಗಾಗಿ ಬಂದದ್ದು. ಆ ಮೌನವನ್ನು ಅವರಾರೂ ದೇವರ ಮುಂದೆ ವ್ರತವಾಗಿ ಸ್ವೀಕರಿಸಿಲ್ಲ. ಲಾಡ್ಜ್‌ನ ಗುಟ್ಟನ್ನು ಒಬ್ಬ ಸ್ಥಿತಿವಂತ ಇಷ್ಟಪಟ್ಟು, ಚಂದಾ ಕಟ್ಟಿ ಪಡೆಯುತ್ತಾನೆ. ಅಲ್ಲಿನ ಸೋದರತ್ವ ಸದಸ್ಯರ ಮತದಿಂದ ಸಿಗುವಂಥದ್ದು. ವಿರೋಧದ ಕಪ್ಪು ಗುಂಡು ಬಿದ್ದರೆ ಬಾಗಿಲು ಮುಚ್ಚಿತು. ಮುಖ್ಯ ಲಾಡ್ಜ್‌ಗಳಲ್ಲಿ ಹೆಂಗಸರಿಗೆ ಇಂದಿಗೂ ಜಾಗವಿಲ್ಲ. ಆದರೆ ಊರ ಹೊರಗಿನ ಕೇರಿಯವರನ್ನು ಯಾರ ಒಪ್ಪಿಗೆಯನ್ನೂ ಕೇಳದೆ ಪ್ರಭುಭೋಜನದ ಮೇಜಿಗೆ ಕರೆದದ್ದರಿಂದಲೇ ಬೀದರ್‌ನ ಸಭೆ ಹುಟ್ಟಿತು.

ಆದ್ದರಿಂದ ಕರೆ ಬಂದ ಹುಡುಗ ಒಂದು ಕೆಲಸ ಮಾಡಬಹುದು. ಪ್ರಮಾಣದ ಪೂರ್ತಿ ಪಾಠವನ್ನು ಮೊದಲೇ ಕೊಡಿ ಎಂದು ಕರೆದವರನ್ನೇ ಕೇಳಲಿ. ಕೊಡದಿದ್ದರೆ ಅಚ್ಚಾದ ಪುಸ್ತಕ ತರಿಸಿಕೊಳ್ಳಲಿ. ಮನೆಯವರ ಎದುರು, ಸಾಧ್ಯವಾದರೆ ಸಭಾಪಾಲಕರ ಎದುರು, ಒಮ್ಮೆ ಗಟ್ಟಿಯಾಗಿ ಓದಲಿ. ಈಗಾಗಲೇ ಸೇರಿದ್ದರೂ ರಾಜೀನಾಮೆಗೆ ಅವಕಾಶವಿದೆ. ಲಾಡ್ಜ್ ಕಾರ್ಯದರ್ಶಿಗೆ ಒಂದು ಪತ್ರ ಬರೆದರೆ ಆಯಿತು.