ಸಿಮೆಂಟು ಹೊರಲು ಕಟ್ಟಿದ ನಿಲ್ದಾಣ

ನೇಪಾಳದ ಲುಕ್ಲಾದಲ್ಲಿ ವಿಮಾನ ಇಳಿಯುವುದು ಏರಿನಲ್ಲಿ, ಹಾರುವುದು ಇಳಿಜಾರಿನಲ್ಲಿ. 527 ಮೀಟರ್ ಉದ್ದದ ರನ್‌ವೇಯ ಮೇಲ್ತುದಿಗೆ ಬೆಟ್ಟ, ಕೆಳತುದಿಗೆ ದೂಧ್‌ಕೋಸಿ ಕಣಿವೆ. ಎವರೆಸ್ಟ್ ಬುಡಕ್ಕೆ ಹೊರಟವರಲ್ಲಿ ಬಹುಪಾಲು ಮಂದಿ ನಡಿಗೆ ಶುರುಮಾಡುವುದು ಇಲ್ಲಿಂದಲೇ. ಆದರೆ ಇದನ್ನು ಕಟ್ಟಿದ್ದು ಚಾರಣಿಗರಿಗೆಂದು ಅಲ್ಲ.

1953ರಲ್ಲಿ ತೇನ್‌ಸಿಂಗ್ ನೋರ್ಗೆ ಜೊತೆ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ಆಮೇಲೂ ಶೆರ್ಪಾಗಳ ಊರುಗಳಿಗೆ ಬರುತ್ತಲೇ ಇದ್ದರು. 1961ರಲ್ಲಿ ಖುಮ್‌ಜುಂಗ್‌ನಲ್ಲಿ ಶಾಲೆ ತೆರೆಯಿತು. ಮುಂದೆ ಆಸ್ಪತ್ರೆಯೂ ಆಗಬೇಕಿತ್ತು. ರಸ್ತೆಯೇ ಇಲ್ಲದ ಸೀಮೆ. ಕಟ್ಟಡದ ಸಾಮಾನೆಲ್ಲ ಕೂಲಿಗಳ ಬೆನ್ನೇರಿ ದಿನಗಟ್ಟಲೆ ನಡೆದು ಬರಬೇಕು. ಹತ್ತಿರದಲ್ಲೊಂದು ವಿಮಾನ ಇಳಿಯುವ ಜಾಗವಿದ್ದರೆ ಕೆಲಸ ಹಗುರವಾದೀತು ಎಂಬುದು ಹಿಲರಿಯ ಲೆಕ್ಕಾಚಾರ.

ಮೊದಲು ನೋಡಿದ್ದು ಸಮತಟ್ಟಾದ ಹೊಲಗಳನ್ನು. ಉಣ್ಣುವ ನೆಲ ಬಿಟ್ಟುಕೊಡಲು ರೈತರು ಒಪ್ಪಲಿಲ್ಲ. ಸಿಕ್ಕಿದ್ದು ಲುಕ್ಲಾದ ಇಳಿಜಾರು. ಸುಮಾರು 2,650 ಡಾಲರ್‌ಗೆ ಅದನ್ನು ಕೊಂಡು, 1964ರಲ್ಲಿ ರನ್‌ವೇ ಸಿದ್ಧಪಡಿಸಿದರು. ಮಣ್ಣು ಗಟ್ಟಿಯಾಗಲೆಂದು ಶೆರ್ಪಾಗಳಿಗೆ ಊರಿನ ಮದ್ಯ ಕುಡಿಸಿ, ಕಾಲು ಬಡಿದು ಕುಣಿಯಲು ಹೇಳಿದ್ದರಂತೆ ಎಂಬ ಕಥೆ ಈಗಲೂ ಚಾಲ್ತಿಯಲ್ಲಿದೆ.

ಒಲ್ಲದೆ ಒಪ್ಪಿಕೊಂಡ ಆ ಇಳಿಜಾರೇ ಕೈಹಿಡಿಯಿತು. 2,800 ಮೀಟರ್‌ಗೂ ಮೇಲಿನ ತೆಳುಗಾಳಿಯಲ್ಲಿ ವಿಮಾನ ಮೇಲೇಳಲು ಹೆಚ್ಚು ಓಟ ಬೇಕು, ನಿಲ್ಲಲೂ ಹೆಚ್ಚು ಜಾಗ ಬೇಕು. ಶೇ 11.7ರಷ್ಟಿರುವ ಇಳುಕಲು ಬಂದ ವಿಮಾನವನ್ನು ತಡೆಯುತ್ತದೆ, ಹೊರಟದ್ದನ್ನು ದೂಡುತ್ತದೆ. ಟ್ವಿನ್ ಆಟರ್, ಡಾರ್ನಿಯರ್‌ನಂಥ ಚಿಕ್ಕ ವಿಮಾನಗಳಿಗಷ್ಟೇ ಇದು ಸಾಧ್ಯ. ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಎದುರಿನ ಬೆಟ್ಟ ಬಿಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ, ಮೋಡ ಕವಿಯುವುದರಿಂದ ಹಾರಾಟವೆಲ್ಲ ಹೆಚ್ಚಾಗಿ ಬೆಳಗ್ಗೆಯೇ.

1966ರಲ್ಲಿ ಖುಂಡೆ ಆಸ್ಪತ್ರೆ ಬಾಗಿಲು ತೆರೆಯಿತು. ಅಂದುಕೊಂಡ ಕೆಲಸವೇನೋ ಮುಗಿಯಿತು, ವಿಮಾನಗಳು ಬರುವುದು ನಿಲ್ಲಲಿಲ್ಲ. ಸಿಮೆಂಟಿನ ಜಾಗದಲ್ಲಿ ಈಗ ಬೆನ್ನುಚೀಲದ ಪರದೇಶಿಗಳು. ಜಿರಿಯಿಂದ ನಡೆದು ಬರುತ್ತಿದ್ದ ಹಳೆಯ ದಾರಿಯಲ್ಲಿ ಜನ ವಿರಳವಾದರು. ಲುಕ್ಲಾದಲ್ಲಿ ವಸತಿಗೃಹಗಳು ಸಾಲಾಗಿ ಎದ್ದವು. ರನ್‌ವೇ ಮಾತ್ರ 2001ರವರೆಗೂ ಡಾಂಬರು ಕಾಣಲಿಲ್ಲ.

2008ರ ಜನವರಿಯಲ್ಲಿ ಹಿಲರಿ ತೀರಿಕೊಂಡ ಬಳಿಕ ನಿಲ್ದಾಣಕ್ಕೆ ತೇನ್‌ಸಿಂಗ್–ಹಿಲರಿ ಎಂದು ಹೆಸರಿಟ್ಟರು. ಅದೇ ಅಕ್ಟೋಬರ್‌ನಲ್ಲಿ ಮಂಜಿನ ನಡುವೆ ಇಳಿಯಹೊರಟ ವಿಮಾನವೊಂದು ರನ್‌ವೇ ತಲುಪುವ ಮುನ್ನವೇ ಬಡಿದು 18 ಮಂದಿ ಸತ್ತರು. ಉಳಿದದ್ದು ಪೈಲಟ್ ಒಬ್ಬರೇ.

ಈಚಿನ ವರ್ಷಗಳಲ್ಲಿ ಸೀಸನ್ ಬಂತೆಂದರೆ ಕಾಠ್ಮಂಡು ನಿಲ್ದಾಣಕ್ಕೇ ದಟ್ಟಣೆ ತಡೆಯಲಾಗದು. ಆಗ ಲುಕ್ಲಾ ವಿಮಾನಗಳು ರಾಮೇಛಾಪ್‌ನ ಮಂಥಲಿಯಿಂದ ಹೊರಡುತ್ತವೆ. ಸುಮಾರು ಇಪ್ಪತ್ತು ನಿಮಿಷದ ಆ ಹಾರಾಟ ತಪ್ಪದಿರಲೆಂದು ಚಾರಣಿಗರು ನಡುರಾತ್ರಿಯೇ ಎದ್ದು ಕಾಠ್ಮಂಡುವಿನಿಂದ ಗಾಡಿ ಹತ್ತುತ್ತಾರೆ.